ಎಷ್ಟು ದಿನ ನೋಡೋದು, ಡಾಕ್ಟ್ರೇ?

ಹೋದ ತಿಂಗಳು ಬೆಂಗಳೂರಿನ ಆಸ್ಪತ್ರೆಯ ಹಾಲ್‌ನಲ್ಲಿ ಹೊಸನಗರ ಕಡೆಯ ಒಬ್ಬ ಹುಡುಗಿ ಸಿಕ್ಕಳು. ಮಡಿಲಲ್ಲಿ ಎಂಟು ತಿಂಗಳ ಮಗು. ಕೈಯಲ್ಲಿ ಎಂಆರ್‌ಐ ಕವರ್. ಅದರ ಮೇಲೆ ಬರೆದಿದ್ದ ಹೆಸರು ನೋಡಿದ ಕೂಡಲೇ ನನಗೆ ಗೊತ್ತಾಯಿತು. ಟ್ಯೂಬರಸ್ ಸ್ಕ್ಲೆರೋಸಿಸ್. ಜೀನ್ ದೋಷದಿಂದ ಮೆದುಳು, ಹೃದಯ, ಕಿಡ್ನಿ ಮುಂತಾದ ಕಡೆ ಗಂಟು ಬೆಳೆಯುವ, ಫಿಟ್ಸ್ ತರುವ ಕಾಯಿಲೆ. "ಅಕ್ಕಾ, ನಿಮ್ಮ ಮಗಳಿಗೂ ಇದೇನಾ? ಮುಂದೆ ಏನ್ ಮಾಡಿದ್ರಿ?" ಅಂತ ಕೇಳಿದಳು. ಅರ್ಧ ಗಂಟೆ ಮಾತಾಡಿದೆವು. ಅಷ್ಟರಲ್ಲಿ ನಮ್ಮ ನಂಬರ್ ಕರೆದರು. ಅವಳಿಗೆ ಹೇಳಲು ಉಳಿದದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಎರಡು ಎಕರೆ ಅಡಿಕೆ ತೋಟ, ಸ್ವಲ್ಪ ಗದ್ದೆ. ಮಗಳನ್ನು ಇಲ್ಲಿ ಪುಟ್ಟಿ ಅಂತಲೇ ಕರೆಯುತ್ತೇನೆ. ಈ ಶ್ರಾವಣಕ್ಕೆ ಅವಳಿಗೆ ನಾಲ್ಕು ವರ್ಷ ತುಂಬಿತು.

ಶುರುವಾದದ್ದು 2022ರ ಜನವರಿಯಲ್ಲಿ. ಅಡಿಕೆ ಕೊಯ್ಲಿನ ಕೊನೆ. ಅಂಗಳದಲ್ಲಿ ಸುಲಿಯುವವರು, ಹಿತ್ತಿಲಲ್ಲಿ ಅಡಿಕೆ ಬೇಯಿಸುವ ಹಂಡೆ, ಮನೆ ತುಂಬ ಜನ. ಪುಟ್ಟಿಗೆ ಆಗ ಐದು ತಿಂಗಳು. ನಿದ್ದೆಯಿಂದ ಎದ್ದ ತಕ್ಷಣ ಎರಡೂ ಕೈ ಅಗಲಿಸಿ ತಲೆ ಮುಂದೆ ಬಾಗಿಸುತ್ತಿದ್ದಳು. ನೋಡಿದರೆ ಅಪ್ಪಿಕೊಳ್ಳಲು ಬಂದ ಹಾಗೆ. ಕ್ಷಣದಲ್ಲಿ ಕೈ ಸಡಿಲ. ಐದಾರು ಸೆಕೆಂಡಿಗೆ ಮತ್ತೆ ಅದೇ. ಹೀಗೆ ಹತ್ತು, ಹದಿನೈದು ಸಲ. ಕೊನೆಗೆ ಜೋರಾಗಿ ಅಳು. ಮೊದಲ ಎರಡು ದಿನ ನಾನು ಅದನ್ನು ನೋಡಿ ನಕ್ಕಿದ್ದೆ. ಆ ನಗು ನೆನಪಾದರೆ ಈಗಲೂ ಎದೆ ಹಿಂಡುತ್ತದೆ.

ಅತ್ತೆ "ಮಗು ಬೆಚ್ಚುತ್ತೆ ಮಾರಾಯ್ತಿ, ಜನ ಜಾಸ್ತಿ ಬಂದು ಹೋಗ್ತಾರೆ, ದೃಷ್ಟಿ ಆಗಿದೆ" ಅಂದರು. ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದರು. ಒಬ್ಬ ಡಾಕ್ಟರ್ ಹೊಟ್ಟೆಯಲ್ಲಿ ಗ್ಯಾಸ್ ಅಂದು ಡ್ರಾಪ್ಸ್ ಕೊಟ್ಟರು. ಹದಿನೆಂಟು ದಿನ ಹೀಗೇ ಹೋಯಿತು. ಅಷ್ಟರಲ್ಲಿ ಪುಟ್ಟಿ ನಗುವುದನ್ನು ನಿಲ್ಲಿಸಿದ್ದಳು. ಮುಖ ನೋಡಿ ಮಾತಾಡಿಸಿದರೆ ನನ್ನ ಹಿಂದಿನ ಗೋಡೆ ನೋಡುತ್ತಿದ್ದಳು. ನನಗೆ ಹೆಚ್ಚು ಭಯವಾದದ್ದು ಅದಕ್ಕೆ.

ನಮ್ಮನ್ನು ಉಳಿಸಿದ್ದು ನಮ್ಮ ಮನೆಯವರು ಮೊಬೈಲಿನಲ್ಲಿ ತೆಗೆದ ಒಂದೂವರೆ ನಿಮಿಷದ ವಿಡಿಯೊ. ಶಿವಮೊಗ್ಗದ ಮಕ್ಕಳ ಡಾಕ್ಟರ್ ಅದನ್ನು ಒಂದು ಸಲ ನೋಡಿದರು. ಇನ್ನೊಂದು ಸಲ ಹಾಕಿ ಅಂದರು. ಆಮೇಲೆ ಮಗುವಿನ ಬಟ್ಟೆ ಪೂರ್ತಿ ಬಿಚ್ಚಿಸಿ, ಕೋಣೆಯ ದೀಪ ಆರಿಸಿ, ನೀಲಿ ಬೆಳಕಿನ ಒಂದು ದೀಪ ಹಿಡಿದರು. ಹೊಟ್ಟೆ, ತೊಡೆ, ಬೆನ್ನಿನ ಮೇಲೆ ಬಿಳಿ ಮಚ್ಚೆಗಳು ಎದ್ದು ಕಂಡವು. ಏಳು ಎಣಿಸಿದರು. ಎರಡನ್ನು ನಾವು ಮೊದಲೇ ನೋಡಿದ್ದೆವು, ಹುಟ್ಟುಮಚ್ಚೆ ಅಂದುಕೊಂಡಿದ್ದೆವು. ಆ್ಯಶ್ ಅನ್ನುವ ಮರದ ಎಲೆಯ ಆಕಾರ ಇರುತ್ತದೆ ಅಂತ ಅವಕ್ಕೆ ಆ ಮರದ ಹೆಸರೇ ಇಟ್ಟಿದ್ದಾರಂತೆ.

ಮಗು ವಿಚಿತ್ರವಾಗಿ ಏನಾದರೂ ಮಾಡಿದರೆ ಮೊದಲು ವಿಡಿಯೊ ಮಾಡಿ. ಮುಖ, ಕೈ, ಕಾಲು ಎಲ್ಲ ಕಾಣಬೇಕು. ಡಾಕ್ಟರ್ ಮುಂದೆ ಮಗು ಅದನ್ನು ಮಾಡುವುದೇ ಇಲ್ಲ. ನಾವು ಬಾಯಲ್ಲಿ ಹೇಳಿದರೆ "ಬೆಚ್ಚಿತು" ಅಂತ ಮಾತ್ರ ಬರುತ್ತದೆ.

ಮುಂದಿನ ನಾಲ್ಕು ದಿನ ಇಇಜಿ ಅನ್ನುವ ಮೆದುಳಿನ ಅಲೆಗಳ ಪರೀಕ್ಷೆ, ಹೃದಯದ ಎಕೋ, ಹೊಟ್ಟೆಯ ಸ್ಕ್ಯಾನಿಂಗ್, ಎಂಆರ್‌ಐ. ಇಇಜಿಗೆ ಹೋಗುವ ಹಿಂದಿನ ದಿನ ತಲೆ ತೊಳೆಯಿರಿ, ಎಣ್ಣೆ ಹಚ್ಚಲೇಬೇಡಿ. ನಾವು ಅಭ್ಯಾಸಬಲದಿಂದ ಹಚ್ಚಿಬಿಟ್ಟಿದ್ದೆವು. ವೈರ್ ಅಂಟದೆ ಎರಡು ಗಂಟೆ ಹಾಳಾಯಿತು. ಎಂಆರ್‌ಐಗೆ ನಿದ್ದೆ ಬರಿಸುತ್ತಾರೆ. ಹಾಗಾಗಿ ಹಾಲು ಎಷ್ಟು ಹೊತ್ತಿಗೆ ನಿಲ್ಲಿಸಬೇಕು ಅಂತ ಹಿಂದಿನ ದಿನವೇ ಕೇಳಿ ಬರೆದುಕೊಳ್ಳಿ.

ಇಇಜಿಯಲ್ಲಿ ಅಲೆಗಳು ಅಡ್ಡಾದಿಡ್ಡಿ ಇದ್ದವು. ಮೆದುಳಿನಲ್ಲಿ ಅಲ್ಲಲ್ಲಿ ಗಂಟಿನಂಥ ಭಾಗಗಳು. ಇವಕ್ಕೆ ಟ್ಯೂಬರ್ ಅನ್ನುತ್ತಾರೆ. ಹೃದಯದಲ್ಲಿ ಎರಡು ಸಣ್ಣ ಗೆಡ್ಡೆ. ಹೃದಯದ ಗೆಡ್ಡೆಗಳು ಹೆಚ್ಚಿನ ಮಕ್ಕಳಲ್ಲಿ ವಯಸ್ಸಾಗುತ್ತ ತಾವೇ ಕರಗುತ್ತವೆ ಅಂದರು. ಪುಟ್ಟಿಯದೂ ಕರಗಿತು. ಮಗು ಮಾಡುತ್ತಿದ್ದದ್ದು ಇನ್ಫಂಟೈಲ್ ಸ್ಪಾಸಂ ಅನ್ನುವ ಫಿಟ್ಸ್. ನಾವು ಫಿಟ್ಸ್ ಅಂದರೆ ನೊರೆ ಬರಬೇಕು, ಕೈಕಾಲು ಹೊಡೆದುಕೊಳ್ಳಬೇಕು ಅಂದುಕೊಂಡಿದ್ದೆವು. ಇದು ನೋಡಲು ಸಣ್ಣದು. ಆದರೆ ಬೆಳೆಯುವ ಮೆದುಳಿಗೆ ತುಂಬಾ ಕೆಟ್ಟದ್ದು, ಒಂದೊಂದು ದಿನವೂ ಲೆಕ್ಕಕ್ಕೆ ಬರುತ್ತದೆ ಅಂದರು ಡಾಕ್ಟರ್.

ಅಲ್ಲೇ ಮೊದಲ ಸಲ ಔಷಧಿ ಆರಿಸುವ ಮಾತು ಬಂತು. ಒಂದು ಕಡೆ ವಿಗಾಬಾಟ್ರಿನ್ ಮಾತ್ರೆ, ಇನ್ನೊಂದು ಕಡೆ ಸ್ಟೀರಾಯ್ಡ್ ಅಥವಾ ಎಸಿಟಿಎಚ್ ಅನ್ನುವ ಹಾರ್ಮೋನ್ ಇಂಜೆಕ್ಷನ್. ಟ್ಯೂಬರಸ್ ಸ್ಕ್ಲೆರೋಸಿಸ್ ಇರುವ ಮಕ್ಕಳ ಸ್ಪಾಸಂಗೆ ಮೊದಲು ಕೊಡುವುದು ವಿಗಾಬಾಟ್ರಿನ್. ಬೇರೆ ಕಾರಣದಿಂದ ಸ್ಪಾಸಂ ಬರುವ ಮಕ್ಕಳಿಗಿಂತ ಇವರಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಕಣ್ಣಿಗೆ ಅಪಾಯ ಇದೆ. ಬದಿಯ ನೋಟ ಕಡಿಮೆಯಾಗಬಹುದು, ಹೋದದ್ದು ವಾಪಸ್ ಬರುವುದಿಲ್ಲ. ಇದನ್ನು ಕೇಳಿ ನಮ್ಮ ಮನೆಯವರು ಎದ್ದು ಹೊರಗೆ ಹೋಗಿಬಿಟ್ಟರು. ನಾನು "ನೀವು ಹೇಳಿದ ಹಾಗೆ ಸರ್" ಅಂದೆ. ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಅವತ್ತು ಆ ನಿರ್ಧಾರ ಸರಿಯೇ ಇತ್ತು. ಆದರೆ ಯಾಕೆ ಸರಿ ಅಂತ ಗೊತ್ತಿಲ್ಲದೆ ಒಪ್ಪಿಕೊಂಡಿದ್ದರಿಂದ ತಿಂಗಳುಗಟ್ಟಲೆ ರಾತ್ರಿ ಎದ್ದು ಮಗುವಿನ ಕಣ್ಣಿನ ಪಕ್ಕ ಟಾರ್ಚ್ ಆಡಿಸಿ ನೋಡುತ್ತಿದ್ದೆ. ಕಣ್ಣಿನ ಪರೀಕ್ಷೆ ಯಾವಾಗ ಯಾವಾಗ ಮಾಡಿಸಬೇಕು, ಎಲ್ಲಿಯವರೆಗೆ ಮಾತ್ರೆ ಕೊಡಬೇಕು ಅಂತ ಅವತ್ತೇ ಕೇಳಿದ್ದರೆ ಅಷ್ಟು ಸಂಕಟ ಇರುತ್ತಿರಲಿಲ್ಲ.

ಮಾತ್ರೆ ಬರೆದುಕೊಟ್ಟರು, ಸರಿ. ಆದರೆ ಅದು ನಾವು ಹೋದ ಐದು ಮೆಡಿಕಲ್ ಶಾಪಿನಲ್ಲಿ ಇರಲಿಲ್ಲ. ಬೆಂಗಳೂರಿನಲ್ಲಿರುವ ನನ್ನ ತಮ್ಮ ಹುಡುಕಿ ರಾತ್ರಿ ಬಸ್ಸಿಗೆ ಪಾರ್ಸೆಲ್ ಹಾಕಿದ. ಬೆಳಿಗ್ಗೆ ಐದೂವರೆಗೆ ಶಿವಮೊಗ್ಗ ಬಸ್‌ಸ್ಟ್ಯಾಂಡಿನಲ್ಲಿ ಕಾದು ಇಳಿಸಿಕೊಂಡೆವು. 500 ಮಿಲಿಗ್ರಾಂ ಮಾತ್ರೆಯನ್ನು 10 ಎಂಎಲ್ ನೀರಿನಲ್ಲಿ ಕರಗಿಸಿ, ಸಿರಿಂಜಿನಲ್ಲಿ 3 ಎಂಎಲ್ ಎಳೆದು ಬೆಳಿಗ್ಗೆ ಸಂಜೆ ಕೊಡಬೇಕಿತ್ತು. ಆಮೇಲೆ ತೂಕ ನೋಡಿ ಏರಿಸಿದರು. ಇದು ಆರೂವರೆ ಕೆಜಿ ಇದ್ದ ನಮ್ಮ ಮಗುವಿನ ಲೆಕ್ಕ, ನಿಮ್ಮದು ಬೇರೆಯೇ ಇರುತ್ತದೆ. ಒಂಬತ್ತನೇ ದಿನ ಬೆಳಿಗ್ಗೆ ಎದ್ದ ಪುಟ್ಟಿ ಕೈ ಅಗಲಿಸಲಿಲ್ಲ. ಹತ್ತನೇ ದಿನವೂ ಇಲ್ಲ. ಮೂರು ವಾರಕ್ಕೆ ನನ್ನ ಮುಖ ನೋಡಿ ನಕ್ಕಳು.

ಮಾತ್ರೆ ಖಾಲಿಯಾಗಲು ಹದಿನೈದು ದಿನ ಇರುವಾಗಲೇ ಮುಂದಿನದನ್ನು ತರಿಸಿಡಿ. ಫಿಟ್ಸ್ ಮಾತ್ರೆ ಯಾವುದೇ ಇರಲಿ, ಒಮ್ಮೆಲೇ ನಿಂತರೆ ಫಿಟ್ಸ್ ಜೋರಾಗಿ ತಿರುಗಿ ಬರಬಹುದು. ಮಳೆಗಾಲದಲ್ಲಿ ನಮ್ಮ ಕಡೆ ಮರ ಬಿದ್ದು ರಸ್ತೆ ಬಂದ್ ಆಗುವುದು ನಿಮಗೆ ಗೊತ್ತೇ ಇದೆ.

ಆಮೇಲೆ ಒಂದೂವರೆ ವರ್ಷ ನೆಮ್ಮದಿ. ವಿಗಾಬಾಟ್ರಿನ್ ನಿಧಾನಕ್ಕೆ ಇಳಿಸಿ ನಿಲ್ಲಿಸಿದರು. ಕಣ್ಣಿನ ಪರೀಕ್ಷೆಯಲ್ಲಿ ತೊಂದರೆ ಕಾಣಲಿಲ್ಲ. ನಡೆಯುವುದು ತಡವಾಯಿತು, ಮಾತು ಇನ್ನೂ ತಡ. ಆದರೂ ಫಿಟ್ಸ್ ಇರಲಿಲ್ಲ ಅನ್ನುವುದೇ ನಮಗೆ ಹಬ್ಬ.

2023ರ ದೀಪಾವಳಿ ಕಳೆದ ಮೇಲೆ ಹೊಸ ರೀತಿ ಶುರುವಾಯಿತು. ಆಟ ಆಡುತ್ತಿದ್ದವಳು ತಟ್ಟನೆ ನಿಲ್ಲುವಳು. ತಲೆ ಎಡಕ್ಕೆ ತಿರುಗುವುದು, ಎಡಗೈ ಬಿಗಿಯುವುದು, ತುಟಿ ಚಪ್ಪರಿಸುವುದು. ಒಂದು ನಿಮಿಷ. ಆಮೇಲೆ ಬೆವತು ನಿದ್ದೆ. ಈ ಕಾಯಿಲೆ ಇರುವ ನೂರು ಜನರಲ್ಲಿ ಎಂಬತ್ತಕ್ಕಿಂತ ಜಾಸ್ತಿ ಜನರಿಗೆ ಒಂದಲ್ಲ ಒಂದು ಸಮಯ ಫಿಟ್ಸ್ ಬರುತ್ತದೆ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಲೆವೆಟಿರಾಸಿಟಮ್ ಅನ್ನುವ ಫಿಟ್ಸ್ ಔಷಧಿ ಕೊಟ್ಟರು. ಪುಟ್ಟಿಗೆ ಸಿಟ್ಟು ಜಾಸ್ತಿಯಾಯಿತು, ಫಿಟ್ಸ್ ಕಡಿಮೆಯಾಗಲಿಲ್ಲ. ಆಕ್ಸ್‌ಕಾರ್ಬಜೆಪಿನ್ ಸೇರಿಸಿದರು, ಎರಡು ತಿಂಗಳು ಚೆನ್ನಾಗಿತ್ತು. ಮತ್ತೆ ಬಂತು. ಕ್ಲೋಬಜಾಮ್ ಸೇರಿಸಿದರು. ಒಂದು ವರ್ಷ ಹೀಗೆ ಡೋಸ್ ಏರಿಸುವುದು, ಕಾಯುವುದು, ಮತ್ತೆ ಏರಿಸುವುದು.

ಆ ವರ್ಷದ ಒಂದು ಮದುವೆಮನೆ ಮರೆಯಲಾರೆ. ಊಟದ ಪಂಕ್ತಿಯಲ್ಲೇ ಪುಟ್ಟಿಗೆ ಬಂತು. ನಾನು ಕೈ ತೊಳೆಯಲು ಹೋಗಿದ್ದೆ. ವಾಪಸ್ ಬರುವಷ್ಟರಲ್ಲಿ ಒಬ್ಬರು ಕೈಗೆ ಕೀಗೊಂಚಲು ಹಿಡಿಸಿದ್ದಾರೆ, ಇನ್ನೊಬ್ಬರು ಮೂಗಿಗೆ ಈರುಳ್ಳಿ, ಮತ್ತೊಬ್ಬರು ನಾಲಿಗೆ ಕಚ್ಚಬಾರದು ಅಂತ ಬಾಯಿಗೆ ಚಮಚ. ಮುಂದಿನ ಒಂದು ಹಲ್ಲು ಅರ್ಧ ಮುರಿಯಿತು. ಎಲ್ಲರೂ ಒಳ್ಳೆಯದಕ್ಕೇ ಮಾಡಿದ್ದು. ಅದಕ್ಕೇ ಬರೆಯುತ್ತಿದ್ದೇನೆ. ಕಬ್ಬಿಣ ಬೇಡ, ಈರುಳ್ಳಿ ಬೇಡ, ಬಾಯಿಗೆ ನೀರು ಚಮಚ ಏನೂ ಬೇಡ. ಮಗುವನ್ನು ಪಕ್ಕಕ್ಕೆ ಮಲಗಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ತುರ್ತು. ಡಾಕ್ಟರ್ ಹತ್ತಿರ ಫಿಟ್ಸ್ ನಿಲ್ಲಿಸುವ ಮಿಡಜೋಲಮ್ ಮೂಗಿನ ಸ್ಪ್ರೇ ಬರೆಸಿಕೊಳ್ಳಿ. ನಮ್ಮ ಮನೆಯಿಂದ ರಸ್ತೆಗೆ ಬರಲು ಒಂದು ಕಾಲುಸಂಕ ದಾಟಬೇಕು, ಅಲ್ಲಿಂದ ಆಸ್ಪತ್ರೆಗೆ ನಲವತ್ತು ನಿಮಿಷ. ಆ ಸ್ಪ್ರೇ ಇಲ್ಲದೆ ನಾವು ಈಗ ತೋಟಕ್ಕೂ ಹೋಗುವುದಿಲ್ಲ. ಬಾಗಿಲ ಹಿಂದೆ ಮೊಳೆಗೆ ಚೀಲ ನೇತು ಹಾಕಿದ್ದೇವೆ. ತೂಕಕ್ಕೆ ಎಷ್ಟು ಸಲ ಒತ್ತಬೇಕು ಅನ್ನುವುದನ್ನು ದೊಡ್ಡ ಅಕ್ಷರದಲ್ಲಿ ಬರೆದು ಅದರ ಪಕ್ಕ ಅಂಟಿಸಿದ್ದೇವೆ.

ಈ ವರ್ಷದ ಫೆಬ್ರವರಿಯಲ್ಲಿ ಶಿವಮೊಗ್ಗದ ಡಾಕ್ಟರ್ ನೇರವಾಗಿ ಹೇಳಿದರು. ಸರಿಯಾದ ಎರಡು ಔಷಧಿ, ಸರಿಯಾದ ಡೋಸಿನಲ್ಲಿ ಕೊಟ್ಟೂ ಫಿಟ್ಸ್ ನಿಲ್ಲದಿದ್ದರೆ ಅದನ್ನು ಔಷಧಿಗೆ ಬಗ್ಗದ ಫಿಟ್ಸ್ ಅನ್ನುತ್ತಾರೆ. ಅಲ್ಲಿಂದ ಮುಂದೆ ಮೂರನೆಯದು, ನಾಲ್ಕನೆಯದು ಅಂತ ಮಾತ್ರೆ ಬದಲಾಯಿಸುತ್ತ ಕೂತರೆ ಪೂರ್ತಿ ನಿಲ್ಲುವ ಸಾಧ್ಯತೆ ತೀರಾ ಕಡಿಮೆ. ಬೇರೆ ದಾರಿಗಳನ್ನು ನೋಡುವ ದೊಡ್ಡ ಆಸ್ಪತ್ರೆಗೆ ಹೋಗಿ. ಈ ಮಾತು ಕೇಳಿ ನನಗೆ ಅಳು ಬಂತು. ಅವರು ಕೈಬಿಟ್ಟರು ಅಂದುಕೊಂಡೆ. ಈಗ ಅನಿಸುತ್ತದೆ, ಆ ಮೂರು ವರ್ಷದಲ್ಲಿ ನಮಗೆ ಸಿಕ್ಕ ಅತ್ಯಂತ ಪ್ರಾಮಾಣಿಕ ಸಲಹೆ ಅದೇ.

ನಮ್ಮ ಕಡೆಯವರು ಇಂಥದ್ದಕ್ಕೆ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುತ್ತಾರೆ, ಇಲ್ಲವೇ ಬೆಂಗಳೂರಿಗೆ. ತಮ್ಮ ಇದ್ದಾನೆ ಅಂತ ನಾವು ಬೆಂಗಳೂರು ಹಿಡಿದೆವು. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಅದಕ್ಕೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ನಾವು ಖಾಸಗಿ ಡಾಕ್ಟರ್ ಚೀಟಿ ಹಿಡಿದು ಹೋಗಿ, ವಾಪಸ್ ಬಂದು, ಮತ್ತೆ ಹೋಗಬೇಕಾಯಿತು. ಇನ್ನೊಂದು ಎಡವಟ್ಟು: ಜನನ ಪ್ರಮಾಣಪತ್ರದಲ್ಲಿ ಮಗಳ ಹೆಸರಿನ ಕಾಗುಣಿತ ಒಂದು, ಆಧಾರ್‌ನಲ್ಲಿ ಇನ್ನೊಂದು. ತಿದ್ದಿಸಲು ಹನ್ನೊಂದು ದಿನ ಹಿಡಿಯಿತು. ಎಂಆರ್‌ಐ ಫಿಲಂ ಒಯ್ದರೆ ಸಾಲದು, ಸಿಡಿ ಕೇಳುತ್ತಾರೆ. ಮೊದಲಿನಿಂದ ಯಾವ ಮಾತ್ರೆ, ಯಾವ ಡೋಸ್, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ನಿಲ್ಲಿಸಿದ್ದು ಯಾಕೆ, ಇಷ್ಟನ್ನೂ ಒಂದೇ ಹಾಳೆಯಲ್ಲಿ ಬರೆದು ಒಯ್ಯಿರಿ. ನಮ್ಮ ಹಾಳೆ ನೋಡಿ ಅಲ್ಲಿನ ಡಾಕ್ಟರಮ್ಮ "ಇಷ್ಟು ಚೆನ್ನಾಗಿ ಯಾರು ಬರೆದಿದ್ದು?" ಅಂತ ಕೇಳಿದರು. "ನಾನೇ" ಅಂದಾಗ ತುಂಬಾ ಖುಷಿಯಾಯಿತು.

ವಿಡಿಯೊ ಇಇಜಿಗೆ ನಾಲ್ಕು ದಿನ ಅಡ್ಮಿಟ್. ತಲೆ ತುಂಬ ವೈರ್, ಅದರ ಮೇಲೆ ಬ್ಯಾಂಡೇಜು, ಎದುರಿಗೆ ಕ್ಯಾಮೆರಾ. ಫಿಟ್ಸ್ ಬರಲಿ ಅಂತ ಮಾತ್ರೆ ಇಳಿಸುತ್ತಾರೆ. ಮೂರು ವರ್ಷ ಫಿಟ್ಸ್ ಬಾರದಿರಲಿ ಅಂತ ಬೇಡಿಕೊಂಡವಳು ಅಲ್ಲಿ ಕೂತು ಬರಲಿ ಅಂತ ಕಾಯಬೇಕು. ಆ ಭಾವನೆ ಹೇಗೆ ಹೇಳಲಿ. ಬಂದ ತಕ್ಷಣ ಗುಂಡಿ ಒತ್ತಬೇಕು, ಮಗುವಿನ ಮೇಲಿನ ಹೊದಿಕೆ ತೆಗೆಯಬೇಕು, ಕ್ಯಾಮೆರಾಕ್ಕೆ ಅಡ್ಡ ನಿಲ್ಲಬಾರದು. ಮೊದಲ ಸಲ ನಾನು ತಬ್ಬಿಕೊಂಡುಬಿಟ್ಟೆ, ರೆಕಾರ್ಡಿಂಗಿನಲ್ಲಿ ನನ್ನ ಬೆನ್ನು ಮಾತ್ರ ಬಂತು. ಜೊತೆಗೆ ಜೀನ್ ಪರೀಕ್ಷೆ ಮಾಡಿಸಿದೆವು. ಟಿಎಸ್‌ಸಿ-2 ಅನ್ನುವ ಜೀನಿನಲ್ಲಿ ದೋಷ. ನಮ್ಮಿಬ್ಬರ ರಕ್ತದಲ್ಲಿ ಅದು ಇರಲಿಲ್ಲ. ಮೂರರಲ್ಲಿ ಎರಡು ಪಾಲು ಮಕ್ಕಳಲ್ಲಿ ಇದು ಹೀಗೆ ಹೊಸದಾಗಿಯೇ ಹುಟ್ಟಿಕೊಳ್ಳುತ್ತದಂತೆ. ಅದುವರೆಗೆ ಎರಡೂ ಮನೆಯವರು ಯಾರ ಕಡೆಯಿಂದ ಬಂತು ಅಂತ ಒಳಗೊಳಗೇ ಲೆಕ್ಕ ಹಾಕುತ್ತಿದ್ದರು. ಆ ರಿಪೋರ್ಟ್ ಬಂದ ದಿನ ಮನೆಯ ಗಾಳಿಯೇ ಹಗುರಾಯಿತು.

ಆ ನಾಲ್ಕು ದಿನ ವರಾಂಡದ ಬೆಂಚಿನ ಮೇಲೆ ಕೇಳಿದ ಮಾತುಗಳು ಮುಂದೆ ತುಂಬಾ ಉಪಯೋಗಕ್ಕೆ ಬಂದವು. ದಾವಣಗೆರೆಯ ಒಬ್ಬ ಅಣ್ಣ ಇದ್ದರು. ಅವರ ಮಗಳಿಗೆ ಫಿಟ್ಸ್ ಒಂದೇ ಟ್ಯೂಬರಿನಿಂದ ಬರುತ್ತಿತ್ತು, ಆಪರೇಷನ್ ಮಾಡಿ ತೆಗೆದರು. ಎಂಟು ತಿಂಗಳಿಂದ ಫಿಟ್ಸ್ ಇಲ್ಲ, ಮಾತ್ರೆ ಮಾತ್ರ ನಡೆಯುತ್ತಿದೆ. ಕೊಪ್ಪ ಕಡೆಯ ಒಬ್ಬ ಅಕ್ಕನ ಮಗನಿಗೆ ಒಂಬತ್ತು ವರ್ಷ, ಎವರೊಲಿಮಸ್ ಮಾತ್ರೆಯಲ್ಲಿದ್ದಾನೆ. "ಮಾತ್ರೆ ಶುರುವಾದ ಎರಡು ತಿಂಗಳು ಬಾಯಿ ತುಂಬ ಹುಣ್ಣು ತಂಗಿ. ತಣ್ಣಗಿನ ಗಂಜಿ ಬಿಟ್ಟು ಏನೂ ಇಳೀತಿರಲಿಲ್ಲ. ಈಗ ಪರವಾಗಿಲ್ಲ, ಫಿಟ್ಸ್ ಅರ್ಧಕ್ಕಿಂತ ಕಮ್ಮಿ ಆಗಿದೆ" ಅಂದರು. ನಾನು ಹಾಗಾದರೆ ನಮಗೂ ಅದೇ ಕೊಡಿ ಅಂತ ಕೇಳಲೇ ಅಂದೆ. ದಾವಣಗೆರೆ ಅಣ್ಣ ತಡೆದರು. "ಕಾಯಿಲೆ ಹೆಸರು ಒಂದೇ ಅಮ್ಮ, ಒಂದು ಮಗು ಇದ್ದ ಹಾಗೆ ಇನ್ನೊಂದು ಇಲ್ಲ. ನಮ್ಮದು ನೋಡಿ ಆರಿಸಬೇಡಿ" ಅಂದರು. ಕೊಪ್ಪದ ಅಕ್ಕ ನಾನು ಫಿಟ್ಸ್ ಲೆಕ್ಕ ಬರೆಯುವ ಪುಸ್ತಕ ತೆಗೆದುಕೊಂಡು ತಾವೇ ಮೂರು ಸಾಲು ಬರೆದುಕೊಟ್ಟರು. ಪ್ರತಿ ದಾರಿಗೂ ಇಷ್ಟು ಕೇಳಿ ಅಂತ. ಎಷ್ಟು ದಿನ ನೋಡೋದು? ಎಷ್ಟು ಕಡಿಮೆಯಾದರೆ ಕೆಲಸ ಮಾಡಿತು ಅನ್ನೋದು? ಏನಾದರೆ ನಿಲ್ಲಿಸೋದು?

ಐದನೇ ದಿನ ಡಾಕ್ಟರಮ್ಮ ನಮ್ಮನ್ನು ಕೂರಿಸಿ ಮುಕ್ಕಾಲು ಗಂಟೆ ಮಾತಾಡಿದರು. ಒಂದು ಬಿಳಿ ಹಾಳೆ ತೆಗೆದು ಮೆದುಳಿನ ಚಿತ್ರ ಬರೆದರು. ಪುಟ್ಟಿಯ ಫಿಟ್ಸ್ ಕಡಿಮೆಯೆಂದರೂ ಎರಡು ಜಾಗದಿಂದ ಹುಟ್ಟುತ್ತಿದೆ, ಬಲಗಡೆ ಮುಂದೆ, ಎಡಗಡೆ ಹಿಂದೆ. ಒಂದನ್ನು ತೆಗೆದರೂ ಇನ್ನೊಂದು ಉಳಿಯುತ್ತದೆ. ಹಾಗಾಗಿ ಆಪರೇಷನ್ ಈಗ ಬೇಡ. ಆದರೆ ಮುಂದೆ ಒಂದೇ ಜಾಗ ಜೋರು ಮಾಡಿದರೆ ಮತ್ತೆ ಯೋಚಿಸೋಣ ಅಂದರು. ಕುತ್ತಿಗೆಯ ನರಕ್ಕೆ ವೈರ್ ಸುತ್ತಿ ಎದೆಯ ಚರ್ಮದಡಿ ಸಣ್ಣ ಯಂತ್ರ ಇಡುವುದು ಇನ್ನೊಂದು ದಾರಿ. ಅದು ಫಿಟ್ಸ್ ಕಡಿಮೆ ಮಾಡಬಹುದು, ಪೂರ್ತಿ ನಿಲ್ಲಿಸುವುದು ಅಪರೂಪ. ಖರ್ಚು ದೊಡ್ಡದು, ಬ್ಯಾಟರಿ ಮುಗಿದಾಗ ಮತ್ತೆ ಆಪರೇಷನ್.

ಎವರೊಲಿಮಸ್ ಬಗ್ಗೆ ನಮ್ಮ ಮನೆಯವರಿಗೆ ಮೊದಲಿಂದ ಹೆದರಿಕೆ. ಮೊಬೈಲಿನಲ್ಲಿ ಹುಡುಕಿದರೆ ಕ್ಯಾನ್ಸರ್ ಮಾತ್ರೆ ಅಂತ ಬರುತ್ತದೆ. "ನಮ್ಮ ಮಗುಗೆ ಕ್ಯಾನ್ಸರ್ ಇದೆಯಾ ಮೇಡಂ?" ಅಂತ ಕೇಳಿಯೇಬಿಟ್ಟರು. ಅವರು ಬೇಸರ ಮಾಡಿಕೊಳ್ಳದೆ ವಿವರಿಸಿದರು. ಜೀವಕೋಶಗಳ ಬೆಳವಣಿಗೆಗೆ ಎಂಟಾರ್ ಅನ್ನುವ ಒಂದು ಸ್ವಿಚ್ ಇದೆ. ಟಿಎಸ್‌ಸಿ ಜೀನು ಕೆಟ್ಟಾಗ ಆ ಸ್ವಿಚ್ ಆರುವುದೇ ಇಲ್ಲ. ಎವರೊಲಿಮಸ್ ಅದನ್ನು ತಗ್ಗಿಸುತ್ತದೆ. ಕೆಲವು ಕ್ಯಾನ್ಸರಿನಲ್ಲೂ ಅದೇ ಸ್ವಿಚ್ ಕೆಟ್ಟಿರುತ್ತದೆ, ಅದಕ್ಕೆ ಅಲ್ಲೂ ಕೊಡುತ್ತಾರೆ. ಇದರ ಮೂಲ ಔಷಧಿ ಸಿಕ್ಕಿದ್ದು ಈಸ್ಟರ್ ದ್ವೀಪದ ಮಣ್ಣಿನಲ್ಲಿದ್ದ ಒಂದು ಸೂಕ್ಷ್ಮಜೀವಿಯಿಂದ ಅಂದಾಗ ನಮ್ಮ ಮನೆಯವರ ಮುಖ ಸ್ವಲ್ಪ ಸಡಿಲವಾಯಿತು. ಮಣ್ಣಿನಿಂದ ಬಂದದ್ದು ಅಂದರೆ ನಮಗೆ ಅರ್ಥವಾಗುತ್ತದೆ, ಅಲ್ವಾ.

ನಾನು ಪುಸ್ತಕ ತೆರೆದು ಮೂರು ಪ್ರಶ್ನೆ ಕೇಳಿದೆ. 366 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಲೆಕ್ಕ ಹೇಳಿದರು. ಎವರೊಲಿಮಸ್ ರಕ್ತದಲ್ಲಿ ಹೆಚ್ಚು ಮಟ್ಟದಲ್ಲಿದ್ದ ನೂರು ಜನರಲ್ಲಿ ನಲವತ್ತು ಜನಕ್ಕೆ ಫಿಟ್ಸ್ ಅರ್ಧ ಅಥವಾ ಅದಕ್ಕಿಂತ ಕಡಿಮೆಯಾಯಿತು. ಔಷಧಿ ಇಲ್ಲದ ಹುಸಿ ಮಾತ್ರೆ ತೆಗೆದುಕೊಂಡವರಲ್ಲೂ ಹದಿನೈದು ಜನಕ್ಕೆ ಆಯಿತು. ಅರ್ಧ ಕಡಿಮೆಯಾಗುವುದು ಅಂದರೆ ಏನು ಅಂತ ನಾನು ಆ ದಿನ ಮೊದಲ ಸಲ ಯೋಚಿಸಿದೆ. ಅದುವರೆಗೆ ನನ್ನ ಮನಸ್ಸಿನಲ್ಲಿ ಇದ್ದದ್ದು ನಿಲ್ಲುವುದು ಅಥವಾ ನಿಲ್ಲದಿರುವುದು, ಎರಡೇ. ಬಾಯಿಹುಣ್ಣು, ಸೋಂಕು, ಕೊಲೆಸ್ಟರಾಲ್ ಏರುವುದು, ಪದೇ ಪದೇ ರಕ್ತಪರೀಕ್ಷೆ, ಕೆಲವು ಲಸಿಕೆ ಕೊಡುವ ಹಾಗಿಲ್ಲ, ಎಲ್ಲ ಬಿಡಿಸಿ ಹೇಳಿದರು.

ನಮ್ಮ ಮನೆಯವರು ಗಾಂಜಾ ಎಣ್ಣೆ ಅಂತ ಆನ್‌ಲೈನ್‌ನಲ್ಲಿ ಮಾರುವುದರ ಬಗ್ಗೆಯೂ ಕೇಳಿದರು. ಕೇಳಿದ್ದು ಒಳ್ಳೆಯದೇ ಆಯಿತು. ಕ್ಯಾನಬಿಡಿಯಾಲ್ ಅನ್ನುವ ಶುದ್ಧ ಮಾಡಿದ ಔಷಧಿಗೆ 2020ರಲ್ಲಿ ಅಮೆರಿಕದಲ್ಲಿ ಈ ಕಾಯಿಲೆಯ ಫಿಟ್ಸ್‌ಗೆ ಒಪ್ಪಿಗೆ ಸಿಕ್ಕಿದೆ. ಆದರೆ ಬಾಟಲಿಯಲ್ಲಿ ಮಾರುವ ಎಣ್ಣೆ ಅದೇ ಅಂದುಕೊಳ್ಳಬೇಡಿ ಅಂದರು. ಅಲ್ಲದೆ ಪುಟ್ಟಿ ತೆಗೆದುಕೊಳ್ಳುವ ಕ್ಲೋಬಜಾಮ್ ಜೊತೆ ಸೇರಿದರೆ ಮಂಪರು ವಿಪರೀತ ಜಾಸ್ತಿಯಾಗಬಹುದು. ನೀವು ಏನೇ ಗುಟ್ಟಾಗಿ ಕೊಡುತ್ತಿದ್ದರೂ, ನಾಟಿ ಔಷಧಿಯೇ ಇರಲಿ, ಡಾಕ್ಟರಿಗೆ ಹೇಳಿಬಿಡಿ.

ಕೊನೆಯದು ಕೀಟೋಜೆನಿಕ್ ಡಯಟ್. ಅನ್ನ, ರೊಟ್ಟಿ, ಬೆಲ್ಲ, ಹಣ್ಣು ಹೆಚ್ಚುಕಡಿಮೆ ಬಂದ್. ಎಣ್ಣೆ, ತುಪ್ಪ, ಕೆನೆ, ಮೊಟ್ಟೆಯ ಮೇಲೆ ಮಗು ಬದುಕಬೇಕು. ಎಲ್ಲ ಗ್ರಾಂ ಲೆಕ್ಕದಲ್ಲಿ. ಮೂರು ತಿಂಗಳು ನೋಡೋಣ, ಅರ್ಧಕ್ಕಿಂತ ಕಡಿಮೆಯಾದರೆ ಮುಂದುವರಿಸೋಣ, ಇಲ್ಲದಿದ್ದರೆ ನಿಲ್ಲಿಸಿ ಎವರೊಲಿಮಸ್ ಅಂದರು. ಮೆದುಳಿನೊಳಗೆ ಬೆಳೆಯುವ ಗೆಡ್ಡೆ ಇದ್ದಿದ್ದರೆ ಎವರೊಲಿಮಸ್ಸೇ ಮೊದಲು ಬರುತ್ತಿತ್ತು, ಪುಟ್ಟಿಗೆ ಅದು ಇರಲಿಲ್ಲ. ಅವಳಿಗೆ ಎರಡು ಮಳೆಗಾಲದಲ್ಲಿ ನ್ಯುಮೋನಿಯಾ ಆಗಿತ್ತು. ಸೋಂಕಿನ ಭಯ, ದೂರದ ರಕ್ತಪರೀಕ್ಷೆ, ಎದುರಿಗೆ ಬರುತ್ತಿದ್ದ ಜೂನ್ ತಿಂಗಳು. ನಾವು ಊರಿಗೆ ಬಂದು ಒಂದು ವಾರ ಯೋಚಿಸಿ ಡಯಟ್ ಅಂದೆವು. ಯೋಚಿಸಲು ಒಂದು ವಾರ ಬೇಕು ಅಂತ ಕೇಳಬಹುದು ಅನ್ನುವುದೇ ನನಗೆ ಮೊದಲು ಗೊತ್ತಿರಲಿಲ್ಲ. ಕೇಳಿ. ಸ್ಪಾಸಂ ಥರ ತುರ್ತು ಇಲ್ಲದಿದ್ದರೆ ಕೊಡುತ್ತಾರೆ.

ಡಯಟ್‌ಗೆ ಮೊದಲು ಕೆಲವು ರಕ್ತಪರೀಕ್ಷೆ ಆಗಲೇಬೇಕು. ಕೊಬ್ಬನ್ನು ಅರಗಿಸುವುದರಲ್ಲೇ ಹುಟ್ಟಿನಿಂದ ದೋಷ ಇರುವ ಮಕ್ಕಳಿಗೆ ಇದು ಅಪಾಯ. ಕಿಡ್ನಿಯ ಸ್ಕ್ಯಾನಿಂಗ್ ಕೂಡ, ಯಾಕೆಂದರೆ ಡಯಟ್‌ನಿಂದ ಕಲ್ಲು ಆಗಬಹುದು, ಈ ಕಾಯಿಲೆಯಲ್ಲಿ ಕಿಡ್ನಿಗೆ ಬೇರೆ ತೊಂದರೆಯೂ ಬರಬಹುದು. ಯೂಟ್ಯೂಬ್ ನೋಡಿ ಮನೆಯಲ್ಲೇ ಶುರು ಮಾಡಬೇಡಿ, ದಯವಿಟ್ಟು.

ಅತ್ತೆಗೆ ಹೇಳುವುದೇ ದೊಡ್ಡ ಕಷ್ಟವಾಯಿತು. "ಅಕ್ಕಿ ಇಲ್ಲದೆ ಮಗು ಹ್ಯಾಗೆ ಬದುಕುತ್ತೆ? ಎಂಥ ಡಾಕ್ಟರ್ ಅವರು?" ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಗ್ರಾಂ ತೋರಿಸುವ ತಕ್ಕಡಿ, ಮೂತ್ರದಲ್ಲಿ ಕೀಟೋನ್ (ಸಕ್ಕರೆ ಬದಲು ಕೊಬ್ಬು ಉರಿದಾಗ ಮೈಯಲ್ಲಿ ಹುಟ್ಟುವ ಅಂಶ) ನೋಡುವ ಪಟ್ಟಿ, ವಿಟಮಿನ್, ಕ್ಯಾಲ್ಸಿಯಂ ತಂದೆವು. ಮೊದಲ ವಾರ ಪುಟ್ಟಿ ವಾಂತಿ ಮಾಡಿದಳು, ಸುಸ್ತಾಗಿ ಮಲಗಿಯೇ ಇದ್ದಳು. ಎರಡನೇ ವಾರ ಮಲಬದ್ಧತೆ. ಕೆಮ್ಮಿನ ಸಿರಪ್‌ನಲ್ಲಿ ಸಕ್ಕರೆ ಇದೆ ಅನ್ನುವುದು ತಲೆಗೇ ಹೋಗಿರಲಿಲ್ಲ, ಕೀಟೋನ್ ಇಳಿದಾಗ ಗೊತ್ತಾಯಿತು. ಅಂಗನವಾಡಿ ಟೀಚರಿಗೆ, ಪಕ್ಕದ ಮನೆಯವರಿಗೆ, ದೇವಸ್ಥಾನದ ಭಟ್ಟರಿಗೆ ಎಲ್ಲ ಹೇಳಿಟ್ಟೆವು. ಆದರೂ ಒಂದು ದಿನ ಪಕ್ಕದ ಮನೆ ಹುಡುಗ ಪ್ರೀತಿಯಿಂದ ಅರ್ಧ ಬಿಸ್ಕತ್ತು ಕೊಟ್ಟ. ಅವತ್ತು ನಾಲ್ಕು ಫಿಟ್ಸ್. ಬಿಸ್ಕತ್ತಿನಿಂದಲೇ ಬಂತೋ ಏನೋ, ಹುಡುಗನಿಗೆ ಬೈಯಲು ಮನಸ್ಸಾಗಲಿಲ್ಲ.

ಐದನೇ ವಾರ ಅಡುಗೆಮನೆಗೆ ಹೋದರೆ ಅತ್ತೆ ಕನ್ನಡಕ ಹಾಕಿಕೊಂಡು ತಕ್ಕಡಿಯ ಮುಂದೆ ಕೂತಿದ್ದಾರೆ. ಬಟ್ಟಲಲ್ಲಿ ತುಪ್ಪ. "19 ಬಂತು, 18 ಬೇಕಲ್ವಾ?" ಅಂತ ಚಮಚದ ತುದಿಯಿಂದ ಒಂದು ಹನಿ ತೆಗೆದರು. ಅವತ್ತಿನಿಂದ ಪುಟ್ಟಿಯ ಅಡುಗೆ ಅವರದೇ. ಕೊನೆಯಲ್ಲಿ ಬಟ್ಟಲಿಗೆ ಅಂಟಿದ ಎಣ್ಣೆಯನ್ನೂ ಬೆರಳಿನಿಂದ ಬಳಿದು ತಿನ್ನಿಸಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಆ ತಾಳ್ಮೆ ನನಗಿಂತ ಅವರಿಗೇ ಜಾಸ್ತಿ.

ಖರ್ಚಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಆಸ್ಪತ್ರೆಯ ಒಳಗಿನದ್ದು ಕಾರ್ಡಿನಲ್ಲಿ ಬಹುಪಾಲು ಹೋಯಿತು. ಜೀನ್ ಪರೀಕ್ಷೆ, ತಿಂಗಳ ಮಾತ್ರೆ, ಓಡಾಟ, ಬೆಂಗಳೂರಿನ ಊಟ ಎಲ್ಲ ಕೈಯಿಂದಲೇ. ಈ ವರ್ಷ ನಮಗೆ ಒಟ್ಟು ಒಂದು ಲಕ್ಷದ ಹತ್ತಿರ ಬಿತ್ತು. ಒಂದು ಕ್ವಿಂಟಾಲ್ ರಾಶಿ ಅಡಿಕೆ ಮುಂಚೆಯೇ ಮಾರಿದೆವು. ಫಿಟ್ಸ್ ಅನ್ನುವ ಹೆಸರು 2016ರ ಅಂಗವಿಕಲರ ಕಾಯ್ದೆಯ 21 ಬಗೆಯ ಅಂಗವೈಕಲ್ಯದ ಪಟ್ಟಿಯಲ್ಲಿ ಇಲ್ಲ. ಆದರೆ ಬುದ್ಧಿ ಬೆಳವಣಿಗೆಯ ತೊಂದರೆ, ಆಟಿಸಂ ಇವೆ. ಈ ಕಾಯಿಲೆಯ ಎಷ್ಟೋ ಮಕ್ಕಳಿಗೆ ಅವೂ ಇರುತ್ತವೆ. ಮಾತು, ಆಟ ಹಿಂದೆ ಇದ್ದರೆ ಪರೀಕ್ಷೆ ಮಾಡಿಸಿ ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡಿಗೆ ಅರ್ಜಿ ಹಾಕಿ. ಆಮೇಲೆ ಇಂಥ ಮಕ್ಕಳಿಗೆ ಸರ್ಕಾರದ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷದವರೆಗೆ ಸಿಗುತ್ತದೆ, ಅದರಲ್ಲಿ ಥೆರಪಿಗೂ ಪಾಲಿದೆ.

ಸೆಪ್ಟೆಂಬರಿನಲ್ಲಿ ಮೂರು ತಿಂಗಳ ಲೆಕ್ಕ ಒಪ್ಪಿಸಲು ಹೋದೆವು. ಹೊಸನಗರದ ಹುಡುಗಿ ಸಿಕ್ಕಿದ್ದು ಅವತ್ತೇ. ಪುಸ್ತಕದ ಪ್ರಕಾರ ಮೇ ತಿಂಗಳಲ್ಲಿ 46 ಫಿಟ್ಸ್, ಆಗಸ್ಟಿನಲ್ಲಿ 17. ನಿಂತಿಲ್ಲ. ಆದರೆ ನಾವು ಮೊದಲೇ ಗೆರೆ ಎಳೆದುಕೊಂಡಿದ್ದೆವಲ್ಲ, ಅರ್ಧ ಅಂತ. ಹಾಗಾಗಿ 17 ನೋಡಿ ಅಳು ಬರಲಿಲ್ಲ. ಕೊಲೆಸ್ಟರಾಲ್ ಸ್ವಲ್ಪ ಏರಿದೆ. ಎಣ್ಣೆ ಬದಲಾಯಿಸಿ ಡಿಸೆಂಬರಿನಲ್ಲಿ ಮತ್ತೆ ನೋಡೋಣ ಅಂದರು. ಪುಟ್ಟಿ ಈಗ "ಅಜ್ಜಿ ಬಾ" ಅಂತ ಎರಡು ಪದ ಕೂಡಿಸುತ್ತಾಳೆ.

ಈ ತಿಂಗಳು ಭೂಮಿ ಹುಣ್ಣಿಮೆ ಬಂತು. ನಮ್ಮಲ್ಲಿ ಬೆಳಗಿನ ಜಾವ ಗದ್ದೆಗೆ ಬುಟ್ಟಿ ಹೊತ್ತು ಹೋಗಿ, ಭೂಮಿತಾಯಿಗೆ ಎಡೆ ಇಟ್ಟು, ಅಲ್ಲೇ ಎಲ್ಲರೂ ಕೂತು ಕಡುಬು ತಿನ್ನುವುದು. ಹಿಂದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎಲ್ಲ ಮಕ್ಕಳೂ ತಿನ್ನುವಾಗ ಇವಳ ಮುಖ ಹೇಗೆ ನೋಡಲಿ ಅಂತ. ಬೆಳಿಗ್ಗೆ ಗದ್ದೆಯ ಬದುವಿನ ಮೇಲೆ ಅತ್ತೆ ಬುಟ್ಟಿಯ ಮೂಲೆಯಿಂದ ಹಲಸಿನ ಎಲೆಯ ಒಂದು ಸಣ್ಣ ಕೊಟ್ಟೆ ತೆಗೆದರು. ಮೊಟ್ಟೆ, ಕೆನೆ, ತೆಂಗಿನೆಣ್ಣೆ, ಸ್ವಲ್ಪ ತುರಿ. ಡಯಟಿಷಿಯನ್ ಬರೆದುಕೊಟ್ಟ ಚೀಟಿಯ ಅಳತೆಯಲ್ಲೇ, ಕಡುಬಿನ ಹಾಗೆ ಬೇಯಿಸಿದ್ದರು. ಎಲೆಯ ಮೇಲೆ ಪೆನ್ನಿನಿಂದ ಪುಟ್ಟಿಯ ಹೆಸರಿನ ಮೊದಲ ಅಕ್ಷರ, ಅದರ ಕೆಳಗೆ 62 ಗ್ರಾಂ.